ಎನ್-400 ಹಾಕಿ ಊರಿಗೆ ಬಂದವರಿಗೆ: ಸಂದರ್ಶನದ ಕರೆ ಬರೋವರೆಗೆ ಏನೇನು ಮಾಡಬೇಕು

ಅಮೆರಿಕದ ಪೌರತ್ವಕ್ಕೆ ಎನ್-400 ಅನ್ನೋ ಅರ್ಜಿ ಹಾಕಿ ಸಂದರ್ಶನಕ್ಕೆ ಕಾಯ್ತಾ ಇರೋ ನಮ್ಮ ವಯಸ್ಸಿನವರನ್ನ ಕೇಳಿ ನೋಡಿ, ‘128 ಪ್ರಶ್ನೆ ಉರು ಹೊಡೀತಾ ಇದೀವಿ’ ಅಂತಾರೆ. ಸಂದರ್ಶನದಲ್ಲಿ ಅಮೆರಿಕದ ಇತಿಹಾಸ, ಸರ್ಕಾರದ ಬಗ್ಗೆ ಕೇಳೋ ಸಿವಿಕ್ಸ್ ಪ್ರಶ್ನೆಗಳು ಅವು. ಉರು ಹೊಡೀಲಿ, ಬೇಡ ಅನ್ನಲ್ಲ. ಆದರೆ ಸರ್ವೀಸ್ ಪೂರ್ತಿ ಹೈಸ್ಕೂಲು ಮಕ್ಕಳಿಗೆ ಸಮಾಜ ಪಾಠ ಮಾಡಿ ನಿವೃತ್ತಳಾದ ನಾನು, ಸಂದರ್ಶನ ಮುಗಿಸಿ ಬಂದವರನ್ನೆಲ್ಲ ಕೂರಿಸಿ ಕೇಳಿ ತಿಳಿದುಕೊಂಡಿದ್ದು ಇಷ್ಟು: ಆ ಪ್ರಶ್ನೆಗಳು ಸುಲಭದ ಭಾಗ. ಅಧಿಕಾರಿ ಜಾಸ್ತಿ ಹೊತ್ತು ಕೂರೋದು ನೀವು ಸಹಿ ಹಾಕಿರೋ ಅರ್ಜಿಯ ಮೇಲೆ. ಆ ಅರ್ಜಿಯನ್ನ ಮಗನೋ ಮಗಳೋ ಅಳಿಯನೋ ತುಂಬಿರ್ತಾರೆ, ನಾವು ಸಹಿ ಮಾತ್ರ ಹಾಕಿರ್ತೀವಿ. ತೊಂದರೆ ಇರೋದೇ ಅಲ್ಲಿ.

ನಾನು, ನಮ್ಮ ಯಜಮಾನರು ಇರೋದು ನ್ಯೂಜೆರ್ಸಿಯ ಮಗಳ ಮನೇಲಿ. ಗ್ರೀನ್ ಕಾರ್ಡಿಗೆ ಐದು ವರ್ಷ ತುಂಬಿತು, ಅರ್ಜಿ ಹಾಕಿದ್ವಿ, ರಸೀದಿ ಬಂತು, ಬೆರಳಚ್ಚೂ ಆಯಿತು. ಕರೆ ಬರೋದರೊಳಗೆ ತುಮಕೂರಿನ ಮನೆ, ಗುಬ್ಬಿ ತಾಲ್ಲೂಕಿನ ತೋಟ ನೋಡ್ಕೊಂಡು ಹೋಗೋಣ ಅಂತ ಬಂದಿದೀವಿ. ಅಮಾನಿಕೆರೆ ಸುತ್ತ ವಾಕಿಂಗ್ ಹೋದರೆ ಸಾಕು, ಮಕ್ಕಳು ಅಮೆರಿಕದಲ್ಲಿರೋ ನಾಲ್ಕು ಜನ ಸಿಕ್ಕೇ ಸಿಗ್ತಾರೆ, ಕೇಳೋ ಪ್ರಶ್ನೆಗಳೂ ಅವವೇ. ಹಾಗಾಗಿ ಇದನ್ನ ಒಂದೇ ಸಲ ಬರೆದುಬಿಡ್ತೀನಿ.

ಮೊದಲ ಪ್ರಶ್ನೆ, ಅರ್ಜಿ ಹಾಕಿದ ಮೇಲೆ ಊರಿಗೆ ಬರಬಹುದಾ? ಬರಬಹುದು. ಆದರೆ ‘ಅಷ್ಟು ದಿನ ಅಲ್ಲೇ ಇದ್ವಲ್ಲ, ಲೆಕ್ಕ ಚುಕ್ತಾ ಆಯ್ತು’ ಅಂದುಕೊಳ್ಳಬೇಡಿ. ಐದು ವರ್ಷದಲ್ಲಿ ಒಟ್ಟು 30 ತಿಂಗಳು ಆ ನೆಲದ ಮೇಲೆ ಇರಬೇಕು ಅನ್ನೋ ಲೆಕ್ಕ ಅರ್ಜಿ ಹಾಕೋ ದಿನಕ್ಕೆ ಮುಗಿಯುತ್ತೆ, ನಿಜ. ಸತತ ವಾಸ ಅನ್ನೋದು ಬೇರೆ, ಅದು ಪ್ರಮಾಣವಚನದ ದಿನದವರೆಗೂ ಮುರೀಬಾರದು. ಒಂದೇ ಸಲ ಆರು ತಿಂಗಳು ದಾಟಿ ಹೊರಗಿದ್ದರೆ ವಾಸ ಮುರಿದಿದೆ ಅಂತಲೇ ಅವರು ಹಿಡೀತಾರೆ, ಇಲ್ಲ ಅಂತ ಸಾಬೀತು ಮಾಡೋ ಹೊರೆ ನಿಮ್ಮದು. ಒಂದು ವರ್ಷ ಆದರೆ ವಾದಕ್ಕೂ ಜಾಗ ಇಲ್ಲ. ಕಾನೂನು ಆರು ತಿಂಗಳು ಅಂದರೂ ಕಾಯ್ತಾ ಇರೋರು ಎರಡು ತಿಂಗಳ ಮೇಲೆ ಊರಲ್ಲಿ ನಿಲ್ಲಬಾರದು ಅನ್ನೋದು ನನ್ನ ಅಭಿಪ್ರಾಯ. ನಮ್ಮ ತಮ್ಮ ‘ಅಕ್ಕಾ, ಈ ಸಲದ ಕಾಯಿ ಕೆಡವೋವರೆಗಾದ್ರೂ ಇರಬಾರದಾ’ ಅಂದ. ‘ನೀನೇ ಕೆಡವಿಸಿ, ಕೊಬ್ಬರಿ ಮಾಡಿಸಿ, ದುಡ್ಡು ಬ್ಯಾಂಕಿಗೆ ಹಾಕೋ’ ಅಂದೆ.

ಬರೋವಾಗ ಗ್ರೀನ್ ಕಾರ್ಡಿನ ಅವಧಿ ನೋಡ್ಕೊಳ್ಳಿ. ಅವಧಿ ಮುಗಿದಿದ್ದರೂ ಗಾಬರಿ ಬೇಡ, 2022ರ ಡಿಸೆಂಬರ್ 12ರಿಂದ ಎನ್-400 ರಸೀದಿಯೇ ಕಾರ್ಡನ್ನ 24 ತಿಂಗಳು ವಿಸ್ತರಿಸುತ್ತೆ. ಮೂಲ ರಸೀದಿಯನ್ನ ಕಾರ್ಡಿನ ಜೊತೆಗೇ ಇಟ್ಟಿರಬೇಕು ಅಷ್ಟೆ. ವಾಪಸ್ ಹೋಗೋವಾಗ ವಿಮಾನದ ಕೌಂಟರಿನ ಹುಡುಗಿ ಹಳೇ ಕಾರ್ಡ್ ನೋಡಿ ಹುಬ್ಬು ಗಂಟಿಕ್ಕಿದರೆ ತೆಗೆದು ತೋರಿಸೋದು ಅದನ್ನೇ. ಮನೇಲಿ ಬೀರುವಿನೊಳಗೆ ಭದ್ರವಾಗಿಟ್ಟು ಬಂದರೆ ಏನೂ ಪ್ರಯೋಜನ ಇಲ್ಲ.

ಕರೆಪತ್ರ ಬರೋದು ಅಲ್ಲಿನ ವಿಳಾಸಕ್ಕೆ, ಆನ್‌ಲೈನಲ್ಲಿ ಹಾಕಿದ್ದರೆ ಖಾತೆಯಲ್ಲೂ ಕಾಣುತ್ತೆ. ಅಂಚೆಪೆಟ್ಟಿಗೆ ದಿನಾ ತೆಗೆದು ನೋಡೋರು ಒಬ್ಬರು ಇರಲೇಬೇಕು. ನಮ್ಮ ಮಗಳು ಅವರ ಸಂಜೆ ನೋಡಿ ಮೆಸೇಜ್ ಹಾಕ್ತಾಳೆ, ನಮಗೆ ಬೆಳಗಿನ ಕಾಫಿ ಹೊತ್ತಿಗೆ ಸಿಗುತ್ತೆ. ಮಕ್ಕಳು ಮನೆ ಬದಲಾಯಿಸಿದರೆ ನಿಮ್ಮ ವಿಳಾಸವನ್ನೂ 10 ದಿನದೊಳಗೆ ತಿಳಿಸಬೇಕು, ಇದನ್ನ ಮಕ್ಕಳು ಮರೀತಾರೆ, ನೀವೇ ನೆನಪಿಸಿ. ಟಿಕೆಟ್ ತಗೊಳ್ಳೋವಾಗ ನಾಲ್ಕು ಕಾಸು ಹೆಚ್ಚಾದರೂ ದಿನಾಂಕ ಬದಲಾಯಿಸೋಕೆ ಬರೋದನ್ನೇ ತಗೊಳ್ಳಿ. ಸಂದರ್ಶನ ಮುಂದಕ್ಕೆ ಹಾಕಿ ಅಂತ ಕೇಳಬಹುದು, ಆಪರೇಷನ್ನು, ಆಸ್ಪತ್ರೆ ಅಂದರೆ ಕೇಳಲೇಬೇಕು. ಬೀಗರ ಮನೆ ಮದುವೆಗೆ ಅಂತ ಕೇಳಬೇಡಿ. ಹೇಳದೆ ಕೇಳದೆ ಹೋಗದೇ ಇದ್ದರಂತೂ ಕಡತ ಮುಚ್ಚಿಬಿಡ್ತಾರೆ.

ಈಗ ಅರ್ಜಿಗೆ ಬರೋಣ. ನೀವು ಸಲ್ಲಿಸಿದ ಅರ್ಜಿಯ ಪೂರ್ತಿ ಪ್ರತಿ ಪ್ರಿಂಟ್ ತೆಗೆಸಿ. ದಿನಕ್ಕೆ ಒಂದು ಪುಟ, ಗಟ್ಟಿಯಾಗಿ, ಇಂಗ್ಲಿಷಿನಲ್ಲಿ ಓದಿ, ಓದಿದ್ದರ ಅರ್ಥವನ್ನ ಕನ್ನಡದಲ್ಲಿ ಒಬ್ಬರಿಗೆ ಹೇಳಿ. ನಮ್ಮನೇಲಿ ನಾನು ಅಧಿಕಾರಿ, ಯಜಮಾನರು ಅರ್ಜಿದಾರರು. ಆಮೇಲೆ ಅದಲು ಬದಲು.

ಹುಟ್ಟಿದ ತಾರೀಕಿನಿಂದಲೇ ಶುರು ಮಾಡಿ. ನಮ್ಮ ಕಾಲದಲ್ಲಿ ಶಾಲೆಗೆ ಸೇರಿಸೋವಾಗ ಮೇಷ್ಟ್ರು ಬರೆದುಕೊಂಡಿದ್ದೇ ಜನ್ಮದಿನ. ಅಜ್ಜಿ ಹೇಳ್ತಿದ್ದ ತಿಥಿ, ನಕ್ಷತ್ರ ಮನೆ ಮಟ್ಟಿಗೆ ಇರಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಿಂದ ಪಾಸ್‌ಪೋರ್ಟಿಗೆ, ಅಲ್ಲಿಂದ ಗ್ರೀನ್ ಕಾರ್ಡಿಗೆ ಬಂದಿರೋ ತಾರೀಕನ್ನೇ ತಡವರಿಸದೆ ಹೇಳಬೇಕು. ಅವರು ತಿಂಗಳು ಮೊದಲು, ದಿನ ಆಮೇಲೆ ಬರೀತಾರೆ, ನಾವು ಉಲ್ಟಾ. ಪ್ರಯಾಣದ ಪಟ್ಟಿಯಲ್ಲಿ ಈ ಗೋಜಲು ಆಗೋದು ಜಾಸ್ತಿ, 5/6 ಅಂದರೆ ಜೂನೋ ಮೇನೋ ಅಂತ. ಹಳೇ ಪಾಸ್‌ಪೋರ್ಟುಗಳ ಬೆಂಗಳೂರು ವಿಮಾನ ನಿಲ್ದಾಣದ ಮುದ್ರೆ ಎದುರಿಗಿಟ್ಟುಕೊಂಡು ಒಂದೊಂದೇ ತಾಳೆ ನೋಡಿ, ತಿಂಗಳ ಹೆಸರು ಅಕ್ಷರದಲ್ಲೇ ಬರೆದುಕೊಳ್ಳಿ.

ಮತ್ತೆ, ನೀವು ಈಗ ಊರಿಗೆ ಬಂದಿದೀರಲ್ಲ, ಈ ಪ್ರಯಾಣ ಅರ್ಜಿಯಲ್ಲಿ ಇಲ್ಲವೇ ಇಲ್ಲ! ಅರ್ಜಿ ಹಾಕಿದ ಮೇಲೆ ಏನು ಬದಲಾಗಿದೆ ಅಂತ ಕೇಳಿದಾಗ ಹೋದ ದಿನ, ಬಂದ ದಿನ ನಾವೇ ಹೇಳಬೇಕು. ಬೋರ್ಡಿಂಗ್ ಪಾಸ್ ಎಸೀಬೇಡಿ. ಇಲ್ಲಿ ಇರೋವಾಗ ಆಗೋ ದಂಡ, ಕೇಸೂ ಸೇರುತ್ತೆ. ನಮ್ಮ ಯಜಮಾನರು ಹಳೇ ಸ್ಕೂಟರ್ ತೆಗೆದು ಹೆಲ್ಮೆಟ್ ಇಲ್ಲದೆ ಮಂಡಿಪೇಟೆಗೆ ಹೊರಟರೆ ನಾನು ಬಾಗಿಲಿಗೇ ಅಡ್ಡ ನಿಲ್ತೀನಿ. ಸಣ್ಣ ದಂಡದಿಂದ ಪೌರತ್ವವೇನೂ ಹೋಗಲ್ಲ. 500 ಡಾಲರಿಗಿಂತ ಕಡಿಮೆ ದಂಡ, ಬಂಧನ ಇಲ್ಲ, ಕುಡಿತ ಇಲ್ಲ ಅಂದರೆ ಕಾಗದ ಪತ್ರವನ್ನೂ ಕೇಳಲ್ಲ. ಆದರೆ ಕೇಳಿದಾಗ ಮುಚ್ಚಿಟ್ಟರೆ ಅದು ಸುಳ್ಳಿನ ಲೆಕ್ಕಕ್ಕೆ ಹೋಗುತ್ತೆ.

‘ಯಾವತ್ತಾದರೂ’ ಅಂತ ಶುರುವಾಗೋ ಪ್ರಶ್ನೆಗಳ ಸಾಲು ಒಂದಿದೆ, ಎದೆ ಹೊಡ್ಕೊಳ್ಳೋದು ಅಲ್ಲೇ. ಕಮ್ಯುನಿಸ್ಟ್ ಪಕ್ಷದ ಜೊತೆ ಸಂಬಂಧ ಇತ್ತಾ, ಅಮೆರಿಕದ ಪ್ರಜೆ ಅಂತ ಹೇಳಿಕೊಂಡಿದ್ರಾ, ಅಲ್ಲಿ ಮತ ಹಾಕಿದ್ರಾ, ತೆರಿಗೆ ಬಾಕಿ ಇದೆಯಾ. ಎಲ್ಲಕ್ಕೂ ‘ನೋ’ ಅಂತ ಅಭ್ಯಾಸ ಮಾಡಿಕೊಂಡು ಹೋಗೋರು ಇದಾರೆ. ಅಪಾಯ! ಮಧ್ಯದಲ್ಲೇ ‘ಸಂವಿಧಾನವನ್ನ ಬೆಂಬಲಿಸ್ತೀರಾ’ ಅನ್ನೋದೂ ಬರುತ್ತೆ, ಅದಕ್ಕೂ ‘ನೋ’ ಅಂದರೆ ಏನು ಗತಿ? ‘ಹಾಗಂದರೇನು’ ಅಂತ ಅರ್ಥ ಕೇಳೋ ಅಧಿಕಾರಿಗಳೂ ಇದಾರೆ. ಮತ್ತೆ ಆಯುಧ ತರಬೇತಿ ಪಡೆದಿದ್ರಾ ಅಂತ ಒಂದಿದೆ. ಯಜಮಾನರು ಕಾಲೇಜಿನಲ್ಲಿ ಎನ್‌ಸಿಸಿ, ಕ್ಯಾಂಪಿನಲ್ಲಿ ರೈಫಲ್ ಹಿಡಿದು ಗುರಿ ಹೊಡೆದೋರು. ಅರ್ಜಿ ತುಂಬೋವಾಗ ಮಗಳು ‘ಅಪ್ಪ, ಎನ್‌ಸಿಸಿ ಎಲ್ಲಾ ಯಾಕೆ’ ಅಂದಳು. ನಾನು ಬಿಡಲಿಲ್ಲ, ‘ಹೌದು’ ಅಂತ ಗುರುತು ಹಾಕಿ, ಕಾಲೇಜು ವಿದ್ಯಾರ್ಥಿಗಳ ತರಬೇತಿ ಅಂತ ಎರಡು ಸಾಲು ವಿವರ ಬರೆಸಿದೆ. ಹೋಮ್‌ಗಾರ್ಡ್‌ನಲ್ಲಿ ಇದ್ದೋರೂ ಇದನ್ನ ನೋಡ್ಕೊಳ್ಳಿ. ಅರ್ಜಿಯಲ್ಲಿ ಬಿಟ್ಟುಹೋಗಿದ್ದರೆ ಸಂದರ್ಶನದಲ್ಲೇ ಹೇಳಿ ತಿದ್ದಿಸಬಹುದು, ಅನುಮಾನ ಇದ್ದರೆ ಹೋಗೋ ಮುಂಚೆ ವಕೀಲರನ್ನ ಕೇಳಿ.

ಇನ್ನೊಂದು ಅಭ್ಯಾಸ ಈಗಲೇ ಬಿಡಿಸಬೇಕು, ತಲೆ ಆಡಿಸೋದು. ನಮ್ಮ ‘ಹೂಂ’ ಅನ್ನೋ ತಲೆ ಅಲ್ಲಿಯೋರಿಗೆ ‘ಇಲ್ಲ’ ಅಂತ ಕಾಣುತ್ತೆ. ಬಾಯಿಬಿಟ್ಟು ‘ಯೆಸ್’, ‘ನೋ’ ಅನ್ನಬೇಕು. ಅರ್ಥವಾಗದಿದ್ದರೆ ಇನ್ನೊಂದು ಸಲ ಹೇಳಿ ಅಂತ ಕೇಳೋದರಲ್ಲಿ ಮರ್ಯಾದೆ ಹೋಗಲ್ಲ.

ತೆರಿಗೆ ವಿಷಯಕ್ಕೆ ಊರಲ್ಲಿರೋವಾಗಲೇ ಕಾಗದ ಜೋಡಿಸ್ಕೊಳ್ಳಿ. ಗ್ರೀನ್ ಕಾರ್ಡಿನೋರು ಪ್ರಪಂಚದಲ್ಲೆಲ್ಲಿ ಬಂದ ಆದಾಯವನ್ನೂ ಅಲ್ಲಿನ ರಿಟರ್ನ್‌ನಲ್ಲಿ ತೋರಿಸಬೇಕು: ಪಿಂಚಣಿ, ಮನೆ ಬಾಡಿಗೆ, ಸೊಸೈಟಿಯ ಎಫ್‌ಡಿ ಬಡ್ಡಿ, ಕೊಬ್ಬರಿ ದುಡ್ಡು. ಕೃಷಿ ಆದಾಯಕ್ಕೆ ಇಲ್ಲಿ ತೆರಿಗೆ ಇಲ್ಲವಲ್ಲ ಅಂತ ನಮ್ಮೋರು ಬಿಟ್ಟುಬಿಡ್ತಾರೆ, ಆ ವಿನಾಯಿತಿ ಅಮೆರಿಕಕ್ಕೆ ಸಂಬಂಧವಿಲ್ಲ. ಇಲ್ಲಿನ ಖಾತೆಗಳೆಲ್ಲ ಸೇರಿ ವರ್ಷದಲ್ಲಿ ಒಂದು ದಿನ 10,000 ಡಾಲರ್ ದಾಟಿದರೂ ಎಫ್‌ಬಾರ್ ಅನ್ನೋ ವರದಿ ಬೇರೆ ಕೊಡಬೇಕು. ಕೊನೆಗೆ ಎಷ್ಟು ಕಟ್ಟಬೇಕು ಅನ್ನೋದು ಅಲ್ಲಿನ ತೆರಿಗೆ ಲೆಕ್ಕಿಗರಿಗೆ ಬಿಟ್ಟಿದ್ದು, ತೋರಿಸೋದು ಮಾತ್ರ ನಮ್ಮ ಕೆಲಸ. ಬ್ಯಾಂಕಿಗೆ ಹೋಗಿ ಐದು ವರ್ಷದ ಬಡ್ಡಿ ಪತ್ರ ಮಾಡಿಸ್ಕೊಂಡು ಬನ್ನಿ.

ಕನ್ನಡದಲ್ಲಿರೋ ಯಾವುದೇ ಪತ್ರ ಕೊಡೋದಾದರೆ ಇಂಗ್ಲಿಷ್ ಅನುವಾದ ಬೇಕು. ಅನುವಾದಿಸಿದವರು ‘ನನಗೆ ಎರಡೂ ಭಾಷೆ ಬರುತ್ತೆ, ಇದು ಪೂರ್ತಿ ಮತ್ತು ಸರಿಯಾಗಿದೆ’ ಅಂತ ಬರೆದು ಸಹಿ ಹಾಕಿದರೆ ಸಾಕು. ನೋಟರಿ ಬೇಡ, ಕೋರ್ಟ್ ಮುಂದಿನ ಟೈಪಿಂಗ್ ಅಂಗಡಿಯಲ್ಲಿ ಸ್ಟ್ಯಾಂಪ್ ಪೇಪರಿಗೆ ದುಡ್ಡು ಸುರೀಬೇಡಿ.

ಸಿವಿಕ್ಸ್ ಪ್ರಶ್ನೆ ಚಿಕ್ಕದಾಗಿ ಹೇಳ್ತೀನಿ. 2025ರ ಅಕ್ಟೋಬರ್ 20ರಂದು ಅಥವಾ ಆಮೇಲೆ ಅರ್ಜಿ ಹಾಕಿದೋರಿಗೆ 128ರ ಪಟ್ಟಿ. ಬಾಯಿಮಾತಲ್ಲಿ 20 ಕೇಳ್ತಾರೆ, 12 ಸರಿ ಬರಬೇಕು. ಅದಕ್ಕಿಂತ ಮುಂಚೆ ಹಾಕಿದೋರಿಗೆ ಹಳೇ 100ರ ಪಟ್ಟಿ, 10ಕ್ಕೆ 6. ಯಾವುದು ನಿಮ್ಮದು ಅಂತ ರಸೀದಿ ನೋಡಿ ತಿಳ್ಕೊಂಡು ಓದಿ. ಪಾಠದ ಉಪಾಯ ಏನಂದರೆ ಗೊತ್ತಿರೋದಕ್ಕೆ ಗೊತ್ತಿಲ್ಲದ್ದನ್ನ ಗಂಟು ಹಾಕೋದು. ಸೆನೆಟರಿಗೆ 6 ವರ್ಷ, ನಮ್ಮ ರಾಜ್ಯಸಭೆ ಸದಸ್ಯರಿಗೂ ಅಷ್ಟೇ. ಕೆಳಮನೆಗೆ 2 ವರ್ಷ, ಲೋಕಸಭೆಗೆ 5. ಉತ್ತರ ಪ್ರದೇಶಕ್ಕೊಂದು, ಸಿಕ್ಕಿಂಗೊಂದು ಲೆಕ್ಕ ಅಂತ ಅಲ್ಲಿಲ್ಲ, ಎಲ್ಲಾ ರಾಜ್ಯಕ್ಕೂ ಇಬ್ಬರೇ ಸೆನೆಟರು, ಒಟ್ಟು 100. ಅವರ ಸಂವಿಧಾನ ಬರೆದಿದ್ದು 1787ರಲ್ಲಿ, ತಿದ್ದುಪಡಿ ಬರೀ 27. ನಮ್ಮದು ನೂರು ದಾಟಿದೆ ಅಂತ ಹೇಳಿದರೆ ಯಜಮಾನರಿಗೆ ತಕ್ಷಣ ನೆನಪಿರುತ್ತೆ. ಗವರ್ನರ್ ಯಾರು, ನಿಮ್ಮ ಪ್ರತಿನಿಧಿ ಯಾರು ಅನ್ನೋವು ಚುನಾವಣೆ ಆದಹಾಗೆ ಬದಲಾಗ್ತವೆ, ಅವನ್ನ ಕೊನೇ ವಾರ ಮತ್ತೆ ನೋಡಿ. ಓದೋದಕ್ಕೆ ಮೂರು ವಾಕ್ಯದಲ್ಲಿ ಒಂದು, ಬರೆಯೋದಕ್ಕೂ ಮೂರರಲ್ಲಿ ಒಂದು ಸರಿ ಬಂದರೆ ಆಯಿತು. ಸೋತರೂ 60ರಿಂದ 90 ದಿನದೊಳಗೆ ಸೋತ ಭಾಗಕ್ಕೆ ಮತ್ತೊಂದು ಅವಕಾಶ ಇದೆ.

ಕನ್ನಡದಲ್ಲಿ ಉತ್ತರ ಹೇಳಬಹುದಂತಲ್ಲ ಅಂತ ಕೇಳ್ತಾರೆ. ಹೇಳಬಹುದು, ಆದರೆ ಎಲ್ಲರಿಗೂ ಅಲ್ಲ. 50 ವಯಸ್ಸು ದಾಟಿ ಗ್ರೀನ್ ಕಾರ್ಡಿಗೆ 20 ವರ್ಷ, ಇಲ್ಲವೇ 55 ದಾಟಿ 15 ವರ್ಷ ಆಗಿದ್ದರೆ ಇಂಗ್ಲಿಷ್ ಪರೀಕ್ಷೆ ಇಲ್ಲ, ದುಭಾಷಿ ಕರ್ಕೊಂಡು ಹೋಗಬಹುದು. ನಿವೃತ್ತಿ ಆದ ಮೇಲೆ ಹೋದ ನಮ್ಮಂಥವರಿಗೆ ಇದು ಸಿಗೋದು ಕಷ್ಟ. ಮರೆವಿನ ಕಾಯಿಲೆ ಥರದ್ದು ಇದ್ದರೆ ಪರೀಕ್ಷೆಯಿಂದ ವಿನಾಯಿತಿ ಕೇಳೋಕೆ ಎನ್-648 ಅನ್ನೋ ನಮೂನೆ ಇದೆ, ಅದಕ್ಕೆ ಸಹಿ ಹಾಕೋ ವೈದ್ಯರು ಅಮೆರಿಕದಲ್ಲಿ ಪರವಾನಗಿ ಇರೋರೇ ಆಗಬೇಕು. ತುಮಕೂರಿನ ಡಾಕ್ಟರ ಚೀಟಿ ಎಷ್ಟು ಚೆನ್ನಾಗಿದ್ದರೂ ನಡೆಯಲ್ಲ.

ಇನ್ನು ಜಮೀನು. ‘ಪ್ರಜೆ ಬದಲಾದರೆ ತೋಟ ಸರ್ಕಾರಕ್ಕೆ’ ಅಂತ ನಮ್ಮೂರಲ್ಲಿ ಗಾಳಿಸುದ್ದಿ. ಸುಳ್ಳು. ಪಿತ್ರಾರ್ಜಿತವಾಗಿ ಬಂದಿದ್ದು ಒಸಿಐ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಭಾರತ ಕೊಡೋ ಕಾರ್ಡು) ಆದ ಮೇಲೂ ನಿಮ್ಮದೇ. ಹೊಸದಾಗಿ ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳೋಕೆ, ದಾನ ಬರೆಸಿಕೊಳ್ಳೋಕೆ ಬರಲ್ಲ. ಹೊರದೇಶದಲ್ಲಿ ನೆಲೆಸಿರೋ ಭಾರತದ ಪ್ರಜೆಗೂ ಫೆಮಾ ಅನ್ನೋ ವಿದೇಶಿ ವಿನಿಮಯ ಕಾಯ್ದೆಯಲ್ಲಿ ಇದೇ ನಿಯಮ, ಅಂದರೆ ಈಗಲೂ ನಿಮಗೆ ಬರಲ್ಲ. ಮಾರೋದಾದರೆ ಭಾರತದಲ್ಲೇ ವಾಸ ಇರೋ ಭಾರತೀಯರಿಗೆ ಮಾರಬೇಕು. ನಿಜವಾದ ತಲೆನೋವು ಹೆಸರು. ಪಹಣಿಯಲ್ಲಿ ‘ಕೋಂ’ ಹಾಕಿ ಗಂಡನ ಹೆಸರು, ಆಧಾರ್‌ನಲ್ಲಿ ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಬಿಡಿಸಿ ಬರೆದದ್ದು. ಸಂದರ್ಶನದ ವೇಳೆ ಹೆಸರು ಬದಲಾವಣೆಗೆ ಕೇಳಬಹುದು ಅಂತ ಚಪಲಕ್ಕೆ ಚಿಕ್ಕದು ಮಾಡಿಸಿಕೊಂಡರೆ ನಾಲ್ಕನೇ ಹೆಸರು ಹುಟ್ಟುತ್ತೆ. ಪೌರತ್ವ ಪ್ರಮಾಣಪತ್ರದಲ್ಲಿ ಪಾಸ್‌ಪೋರ್ಟಿನ ಹೆಸರೇ ಬರಲಿ. ಪೌತಿ ಖಾತೆ ಆಗದೆ ಅಪ್ಪನ ಹೆಸರಲ್ಲೇ ಉಳಿದಿರೋ ಸರ್ವೆ ನಂಬರ್ ಇದ್ದರೆ ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದು ಈ ಸಲವೇ ನಾಡಕಚೇರಿಗೆ ಹೋಗಿ. ಗ್ರಾಮ ಆಡಳಿತಾಧಿಕಾರಿ (ಹಿಂದಿನ ಗ್ರಾಮ ಲೆಕ್ಕಿಗರು) ‘ನಾಳೆ ಬನ್ನಿ ಅಮ್ಮ’ ಅಂದರೆ ನಾಳೆಯೂ ಹೋಗಿ.

ಸಂದರ್ಶನ ಪಾಸಾದ ದಿನ ನೀವಿನ್ನೂ ಭಾರತೀಯರೇ. ಪ್ರಮಾಣವಚನಕ್ಕೆ ಬೇರೆ ಪತ್ರ ಬರುತ್ತೆ, ಅದರಲ್ಲೂ ‘ಸಂದರ್ಶನದ ನಂತರ ದೇಶದ ಹೊರಗೆ ಹೋಗಿದ್ರಾ’ ಅಂತ ಕೇಳಿರ್ತಾರೆ. ಆವತ್ತು ಗ್ರೀನ್ ಕಾರ್ಡ್ ವಾಪಸ್ ತಗೋತಾರೆ. 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಭಾರತದ ಪೌರತ್ವವೂ ಆವತ್ತೇ ಹೋಯಿತು, ಭಾರತದ ಪಾಸ್‌ಪೋರ್ಟಿನಲ್ಲಿ ಇನ್ನೂ ವರ್ಷ ಉಳಿದಿದ್ದರೂ ಅದನ್ನ ಬಳಸಿದರೆ ಅಪರಾಧ. ಅಮೆರಿಕದ ಪಾಸ್‌ಪೋರ್ಟ್ ಬರಬೇಕು, ಇಲ್ಲಿನದನ್ನ ಒಪ್ಪಿಸಿ ಪತ್ರ ತಗೋಬೇಕು, ಆಮೇಲೆ ಒಸಿಐ ಅಥವಾ ವೀಸಾ. ಅಷ್ಟು ಆಗೋವರೆಗೆ ಊರಿನ ಗೃಹಪ್ರವೇಶಕ್ಕೆ ‘ಬಂದೇ ಬರ್ತೀವಿ’ ಅಂತ ಯಾರಿಗೂ ಮಾತು ಕೊಡಬೇಡಿ. ನಮ್ಮ ತಮ್ಮನಿಗೂ ಅದನ್ನೇ ಹೇಳಿದೀನಿ: ಮುಹೂರ್ತ ನೋಡೋ ಮುಂಚೆ ಫೋನ್ ಮಾಡು.