ಬಿದ್ರಿ ಸಾಮಾನಿಗೆ ಹುಣಸಿಹಣ್ಣು ಹಚ್ಚಬ್ಯಾಡ್ರಿ

ಬಿದ್ರಿ ಅಂದ್ರ ನಮ್ಮ ಬೀದರದ ಕರಿ ಲೋಹದ ಮ್ಯಾಲ ಬೆಳ್ಳಿ ಕೂಡಿಸಿದ ಕೆಲಸ. ಮದುವ್ಯಾಗ ಬಿದ್ರಿ ಹೂದಾನಿ ಮುಯ್ಯಿ ಬರ್ತದ, ಶೋಕೇಸಿನ್ಯಾಗ ಕುಂಡರ್ತದ. ದೀಪಾವಳಿ ಬಂತಂದ್ರ ಅದನ್ನ ಹೊರಗ ತಗದು ಹುಣಸಿಹಣ್ಣು ಹಚ್ಚಿ ಗಸಗಸ ತಿಕ್ಕತಾರ. ಬೂದಿ ಬಣ್ಣಕ್ಕ ತಿರುಗಿದ ಮ್ಯಾಲ ನನ್ನ ಮುಂದ ಹಿಡದು, "ಆಂಟಿ, ಡೂಪ್ಲಿಕೇಟ್ ಕೊಟ್ಟಾನ ನೋಡ್ರಿ, ಬಣ್ಣ ಬಿಡ್ತು" ಅಂತಾರ. ಡೂಪ್ಲಿಕೇಟ್ ಅಲ್ಲವ್ವಾ, ಕೆಡಿಸಿದಾಕಿ ನೀನು.

ಆ ಕರಿ ಹೊಲಸಲ್ಲ, ಪೇಂಟೂ ಅಲ್ಲ. ಸಾಮಾನು ಬಹಳಷ್ಟು ಸತು, ಜರಾ ತಾಮ್ರ. ಎರಕ ಹೊಯ್ದು, ಉಳಿಲೆ ಕೆತ್ತಿ, ಆ ಗೀರಿನ್ಯಾಗ ಬೆಳ್ಳಿ ತಂತಿ ಕೂಡಿಸಿ ಬಡಿತಾರ. ಕಡೀಗೆ ನಮ್ಮ ಬೀದರ ಕೋಟೆ ಒಳಗಿನ ಮಳಿ-ಬಿಸಲು ಕಾಣದ ಹಳೇ ಮಣ್ಣು, ನವಸಾಗರ (ಅಮೋನಿಯಂ ಕ್ಲೋರೈಡ್ ಅನ್ನೋ ಉಪ್ಪು) ಕೂಡಿಸಿದ ನೀರು ಮಾಡಿ ಕಾಸಿ ಹಚ್ಚಿದ್ರ ಸತು ಕರ್ರಗಾಗ್ತದ, ಬೆಳ್ಳಿ ಹಂಗೇ ಬೆಳ್ಳಗ ಉಳಿತದ. ಮ್ಯಾಲಿನ ತೆಳ್ಳನ ಪದರು ಅಷ್ಟ ಅದು. ಹುಳಿ ಬಿತ್ತು, ಅದು ಹೋತು. ಮನ್ಯಾಗ ಕುಂತು ಮತ್ತ ತರಾಕ ಬರಂಗಿಲ್ಲ, ಕಾರಖಾನಿಗೇ ಒಯ್ಯಬೇಕು. ಬಿದ್ರಿಗೆ 2006ರಾಗ ಜಿಐ, ಅಂದ್ರ ಊರಿನ ಹೆಸರಿನ ಗುರುತು, ಸಿಕ್ಕದ್ದು, 2023ರಾಗ ಬಿದ್ರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದದ್ದು ಎಲ್ಲಾರಿಗೂ ಗೊತ್ತು, ಸ್ಟೇಟಸ್ ಹಾಕಿದ್ದೇ ಹಾಕಿದ್ದು. ಒರಸೋದು ಮಾತ್ರ ಯಾರಿಗೂ ಬರಂಗಿಲ್ಲ.

ತಿಕ್ಕೋ ಚಟ ಇದ್ರ ತಾಮ್ರದ ಕೊಡ ತಿಕ್ರಿ. ಅದಕ್ಕ ಹುಣಸಿಹಣ್ಣು-ಉಪ್ಪು ಚಲೋ. ತೊಳದ ಕೂಡ್ಲೆ ಒಣಾ ಅರಬಿಲೆ ಒರಸ್ರಿ, ಇಲ್ಲಾಂದ್ರ ನೀರಿನ ಕಲಿ ನಿಂತು ಮತ್ತ ನನ್ನ ಕಡೇನ ಬರ್ತೀರಿ.

ಬಿದ್ರಿಗೆ ಎಣ್ಣಿ ಬೇಕು, ಅದೂ ಬೆರಳಿಗೆ ಹತ್ತಿದಷ್ಟು. ನಮ್ಮ ಅತ್ತಿ ಮಕ್ಕಳಿಗೆ ತಲಿಗೆ ಎಣ್ಣಿ ಹಚ್ಚಿ ಜಡಿ ಹಾಕಿದ ಮ್ಯಾಲ, ಅಂಗೈಯಾಗ ಉಳದ ಜಿಡ್ಡಿಲೇ ಬಿದ್ರಿ ಪಾನದಾನ್ (ಎಲಿ-ಅಡಕಿ ಡಬ್ಬಿ) ಸವರತಿದ್ದರು. ಅದಕ್ಕಿಂತ ಹೆಚ್ಚು ಬ್ಯಾಡ. ಮೊದಲ ಕೈಯಾಗಿನ ಬಳಿ, ಉಂಗುರ ತಗೀರಿ, ಗೀರು ಬೀಳ್ತಾವ. ಮೆತ್ತನ ಬ್ರಷ್ಷಿಲೆ ಸಂದಿನ್ಯಾಗಿನ ಧೂಳು ಝಾಡಿಸ್ರಿ. ಧೂಳಿನ ಮ್ಯಾಲ ಎಣ್ಣಿ ಹಚ್ಚಿದ್ರ ಕೆಸರಾಗಿ ತಂತಿ ಬುಡಕ್ಕ ಕುಂಡರ್ತದ. ಆಮ್ಯಾಲ ಹಳೇ ಧೋತ್ರದ ತುಂಡು. ಹೊಸಾ ಅರಬಿ ಬ್ಯಾಡ, ಗಂಜಿ ಇರ್ತದ. ಟೆರಿಕಾಟಂತೂ ಮುಟ್ಟಲೇ ಬ್ಯಾಡ್ರಿ. ಧೋತ್ರದ ತುಂಡನ್ನ ಹೆಬ್ಬೆರಳಿಗೆ ಸುತ್ತಿಕೊಂಡು, ಅಂಗೈಗೆ ಕೊಬ್ಬರಿ ಎಣ್ಣಿ ಒಂದು ಹನಿ ಹಾಕಿ ತಿಕ್ಕಿ, ಅರಬಿ ಅಂಗೈಗೆ ಒತ್ತಿ ತಗೀರಿ. ಅರಬಿ ಹಸಿ ಅನಸಬಾರದು, ಜಾರತದ ಅನಸಬೇಕು. ಬೆಳ್ಳಿ ತಂತಿ ಬಳ್ಳಿ ಹೆಂಗ ಹೋಗ್ಯದ ಹಂಗ ಹೋಗ್ರಿ, ಗುಂಡಗ ತಿರುವಬ್ಯಾಡ್ರಿ. ಒಂದು ಎಲಿ ಮುಗಿಸಿ ಮುಂದಿನದಕ್ಕ ಬರ್ರಿ. ಊಟಾ ಆದ ಮ್ಯಾಲ ಹಚ್ಚಿದ್ರ ಚಾ ಹೊತ್ತಿನ ತನಕಾ ಬಿಟ್ಟು, ಇನ್ನೊಂದು ಒಣಾ ತುಂಡಿಲೆ ತಗೀತಾ ಇರ್ರಿ. ಬೆರಳು ಒತ್ತಿದ್ರ ಗುರ್ತು ಮೂಡಬಾರದು, ಅಲ್ಲಿ ತನಕಾ. ಸಾಮಾನಿನ ಅಂಚು ಎಲ್ಲಾರೂ ಮರೀತಾರ, ಅಲ್ಲೇ ಎಣ್ಣಿ ಅಂಟು ಹಿಡಿತದ.

ಬೆಳ್ಳಿ ಮಂಕಾಗಿದ್ರ ಒಣಾ ಅರಬಿಲೆ ತಂತಿ ಮ್ಯಾಲಷ್ಟ ತೀಡ್ರಿ. ಹೂದಾನ್ಯಾಗ ನೀರು ಹಾಕಬ್ಯಾಡ್ರಿ, ಉಪ್ಪಿನಕಾಯಿ ಅಂತೂ ಹತ್ರಾನೂ ತರಬ್ಯಾಡ್ರಿ. ಕೈ ಜಾರಿ ಬಿದ್ರ ಸತು ಸೀಳ್ತದ, ಸ್ಟೀಲಿನಂಗ ನೆಗ್ಗಂಗಿಲ್ಲ. ಎತ್ತಿ ಇಡಾಕ ಧೋತ್ರದಾಗ ಸುತ್ರಿ, ಮ್ಯಾಲ ನೂಲು ಕಟ್ರಿ. ರಬ್ಬರ್ ಬ್ಯಾಂಡ್ ಹಾಕಿದ್ರಿ ಅಂದ್ರ ಅದರಾಗಿನ ಗಂಧಕಕ್ಕ ಬೆಳ್ಳಿ ಕಪ್ಪಾಗಿ, ಬ್ಯಾಂಡ್ ಇದ್ದಲ್ಲೆ ಗೆರಿ ಬೀಳ್ತದ.