ಲೈನ್ ಗಾಡಿಗೆ ಟ್ಯಾಬ್: ಬಿಲ್ಲು ಬೇರೆ, ದುಡ್ಡು ಬೇರೆ, ರಸೀದಿ ಬೇರೆ

ಬಿಸ್ಕತ್ತು, ಕುರುಕಲು, ಸೋಪು ತುಂಬಿಕೊಂಡು ಮಂಡ್ಯದಿಂದ ಬಸರಾಳು, ಕೆರಗೋಡು, ಕಿರುಗಾವಲು ಕಡೆ ಲೈನ್ ಹೋಗುವ, ಅಂದರೆ ಗಾಡಿಯಲ್ಲಿ ಅಂಗಡಿಯಿಂದ ಅಂಗಡಿಗೆ ಮಾಲು ಹಾಕುತ್ತಾ ಹೋಗುವ ಏಜೆನ್ಸಿ ನಮ್ಮದು. ಬಿಲ್ ಪುಸ್ತಕ ಬಿಟ್ಟು ಟ್ಯಾಬ್ ಹಿಡಿದಾಗ ಮೊದಲು ತೀರ್ಮಾನ ಮಾಡಿಕೊಂಡಿದ್ದು ಇಷ್ಟು: ಬಿಲ್ ಮಾಡುವುದು, ದುಡ್ಡು ಬಂತೆಂದು ಖಚಿತ ಮಾಡಿಕೊಳ್ಳುವುದು, ಕಾಗದ ಕೊಡುವುದು, ಇವು ಮೂರೂ ಬೇರೆ ಬೇರೆ ಕೆಲಸ. ಬಿಲ್ಲಿಗೆ ನೆಟ್‌ವರ್ಕ್ ಬೇಡ. ಯುಪಿಐ ಬಂತೋ ಇಲ್ಲವೋ ತಿಳಿಯಲು ನೆಟ್‌ವರ್ಕ್ ಬೇಕೇ ಬೇಕು. ಪ್ರಿಂಟರ್‌ಗೆ ಬ್ಲೂಟೂತ್ ಸಾಕು. ಮೂರನ್ನೂ ಒಂದೇ ಬಟನ್‌ಗೆ ಕಟ್ಟಿದ ಆ್ಯಪ್ ಹಾಕಿಕೊಂಡರೆ ಸಿಗ್ನಲ್ ಇಲ್ಲದ ಊರಲ್ಲಿ ಬಿಲ್ಲೂ ಇಲ್ಲ, ಕಾಗದವೂ ಇಲ್ಲ.

ಆದ್ದರಿಂದ ಆ್ಯಪ್‌ಗೆ ದುಡ್ಡು ಕಟ್ಟುವ ಮುಂಚೆ ಒಂದು ಪರೀಕ್ಷೆ ಮಾಡಿ. ಟ್ಯಾಬನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಬ್ಲೂಟೂತ್ ಮಾತ್ರ ಆನ್ ಮಾಡಿ, ನಾಲ್ಕೈದು ಐಟಂನ ಬಿಲ್ ಮಾಡಿ ಪ್ರಿಂಟ್ ಕೊಡಿ. ಆಮೇಲೆ ಆ್ಯಪ್ ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ. ಬಿಲ್ ಅಲ್ಲೇ ಇದ್ದು, ಮುಂದಿನ ಬಿಲ್ಲಿಗೆ ಮುಂದಿನ ನಂಬರ್ ಬಂದರೆ ಆ ಆ್ಯಪ್ ಲೈನಿಗೆ ಆಗುತ್ತದೆ. ಇಲ್ಲದಿದ್ದರೆ ಉಳಿದ ಸೌಲಭ್ಯ ಎಷ್ಟಿದ್ದರೂ ಬೇಡ.

ಟ್ಯಾಬ್ 8 ಇಂಚಿನದು ಸಾಕು, ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ಬಾಕ್ಸ್ ಎಣಿಸಬಹುದು. 4 ಜಿಬಿ ರ‍್ಯಾಮ್, ಒಳಗೇ ಸಿಮ್ ಹಾಕುವ ಜಾಗ, ಇವೆರಡನ್ನು ಬಿಡಬೇಡಿ. ವೈಫೈ ಮಾತ್ರ ಇರುವ ಟ್ಯಾಬಿಗೆ ಡ್ರೈವರ್ ಫೋನಿನ ಹಾಟ್‌ಸ್ಪಾಟ್ ಕೊಟ್ಟರೆ, ಅದು ಅಂಗಡಿಯಿಂದ ಅಂಗಡಿಗೆ ತಾನೇ ಆಫ್ ಆಗುತ್ತಿರುತ್ತದೆ. ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗಿಟ್ಟರೆ ಟ್ಯಾಬ್ ಕಾದು ಚಾರ್ಜಿಂಗ್ ನಿಲ್ಲಿಸಿಬಿಡುತ್ತದೆ. ಅದಕ್ಕೆ ಸೀಟಿನ ಪಕ್ಕ ಒಂದು ಚೀಲ ಹೊಲಿಸಿದ್ದೇವೆ.

ಬಿಲ್ ನಂಬರಿನ ವಿಷಯಕ್ಕೆ ಬಂದರೆ, ಜಿಎಸ್‌ಟಿ ನಿಯಮದಂತೆ ಅದು 16 ಅಕ್ಷರ ದಾಟುವಂತಿಲ್ಲ, ಒಂದು ಹಣಕಾಸು ವರ್ಷದಲ್ಲಿ ಎರಡು ಸಲ ಬರುವಂತಿಲ್ಲ. ಎರಡು ಗಾಡಿ ಇದ್ದು, ಎರಡೂ ಆಫ್‌ಲೈನ್‌ನಲ್ಲಿ ಒಂದೇ ಸರಣಿ ಓಡಿಸಿದರೆ ಸಂಜೆ ಸಿಂಕ್ ಆಗುವಾಗ (ಟ್ಯಾಬೂ ಕಚೇರಿಯ ಕಂಪ್ಯೂಟರೂ ಲೆಕ್ಕ ಹೊಂದಿಸಿಕೊಳ್ಳುವಾಗ) ನಂಬರ್ ಡಿಕ್ಕಿ ಹೊಡೆಯುತ್ತವೆ. ಪ್ರತಿ ಟ್ಯಾಬಿಗೂ ಅದರದೇ ಸರಣಿ ಕೊಡಿ: ಟಿ1/25-26/00001, ಟಿ2/25-26/00001. ಇಂಗ್ಲಿಷ್ ಅಕ್ಷರದಲ್ಲಿ ಹೊಡೆದರೆ 14 ಅಕ್ಷರ, ಲೆಕ್ಕ ಸರಿ. ಬಿಲ್ ಪ್ರಿಂಟ್ ಆದಮೇಲೆ ತಿದ್ದುವ ಅವಕಾಶವನ್ನೇ ಸೆಟ್ಟಿಂಗ್‌ನಲ್ಲಿ ಮುಚ್ಚಿ. ಡ್ಯಾಮೇಜ್, ರಿಟರ್ನ್ ಏನಿದ್ದರೂ ಕ್ರೆಡಿಟ್ ನೋಟ್, ಅಂದರೆ ಅಷ್ಟು ಮೊತ್ತ ಕಳೆಯುವ ಬೇರೆ ಚೀಟಿ. ಬೆಳಿಗ್ಗೆ ಲೋಡ್ ತುಂಬಿ ಹೊರಡುವಾಗ ಯಾರು ಎಷ್ಟು ತಗೊಳ್ಳುತ್ತಾರೆ ಗೊತ್ತಿರುವುದಿಲ್ಲವಲ್ಲ, ಅದಕ್ಕೆ ಡೆಲಿವರಿ ಚಲನ್ (ಬಿಲ್ ಆಗದ ಮಾಲು ಸಾಗಿಸುವ ಚೀಟಿ) ಇರಬೇಕು. ಮಾಲು 50,000 ರೂಪಾಯಿ ದಾಟಿದರೆ ಆನ್‌ಲೈನಿನಲ್ಲಿ ಮಾಡಿಸುವ ಸಾಗಣೆ ಚೀಟಿಯಾದ ಇ-ವೇ ಬಿಲ್ ಕೂಡ.

ತೆರಿಗೆ ದರ ಕಚೇರಿಯ ಕಂಪ್ಯೂಟರಿನಲ್ಲಿ ಮಾತ್ರ ಬದಲಾಗಬೇಕು, ಟ್ಯಾಬಿನಲ್ಲಿ ಯಾರೂ ಕೈಹಾಕಬಾರದು. 2025ರ ಸೆಪ್ಟೆಂಬರ್ 22ರಂದು ಬಿಸ್ಕತ್ತು 18ರಿಂದ 5 ಪರ್ಸೆಂಟಿಗೆ ಇಳಿಯಿತು. ಅಂಥ ದಿನ ಸಿಂಕ್ ಆಗದೆ ಹೊರಟ ಟ್ಯಾಬ್ ಹಳೇ ದರದಲ್ಲೇ ಬಿಲ್ ಹೊಡೆಯುತ್ತಾ ಹೋಗುತ್ತದೆ. ಗಾಡಿ ಗೋಡೌನ್ ಬಿಡುವ ಮುಂಚೆ ಕೊನೆಯ ಸಿಂಕ್ ಸಮಯ ನೋಡುವುದು ಡೀಸೆಲ್ ನೋಡಿದಷ್ಟೇ ಮುಖ್ಯ.

ಇನ್ನು ಪ್ರಿಂಟರ್. ತಲೆನೋವಿನ ಮುಕ್ಕಾಲು ಪಾಲು ಇಲ್ಲೇ. ಲೈನಿಗೆ 58 ಮಿ.ಮೀ. ಬ್ಲೂಟೂತ್ ಥರ್ಮಲ್ ಪ್ರಿಂಟರ್ (ಶಾಯಿ ಇಲ್ಲದೆ ಬಿಸಿಯಿಂದ ಅಚ್ಚು ಹಾಕುವುದು), ಸೊಂಟಕ್ಕೆ ಸಿಕ್ಕಿಸುವಂಥದ್ದು. ಕಾಗದ 58 ಇದ್ದರೂ ಅಚ್ಚಾಗುವ ಅಗಲ 48 ಮಿ.ಮೀ., ಅಂದರೆ 384 ಚುಕ್ಕಿ, ಮಾಮೂಲಿ ಅಕ್ಷರದಲ್ಲಿ ಸಾಲಿಗೆ 32. ಐಟಂ ಹೆಸರು, ಸಂಖ್ಯೆ, ದರ, ಮೊತ್ತ ಎಲ್ಲ ಒಂದೇ ಸಾಲಿಗೆ ತುರುಕಿದರೆ ಮೊತ್ತದ ಪೈಸೆ ಕೆಳಗಿನ ಸಾಲಿಗೆ ಬೀಳುತ್ತದೆ. ಮೇಲಿನ ಸಾಲಿಗೆ ಹೆಸರು, ಕೆಳಗಿನ ಸಾಲಿಗೆ "5 x 86.40" ಮತ್ತು ಬಲತುದಿಗೆ "432.00" ಎಂದು ಇಟ್ಟುಕೊಳ್ಳಿ. ರೂಪಾಯಿ ಚಿಹ್ನೆ ಬೇಡ, ಬಹಳ ಪ್ರಿಂಟರ್‌ಗಳಲ್ಲಿ ಅದರ ಜಾಗಕ್ಕೆ ಪ್ರಶ್ನೆ ಚಿಹ್ನೆ ಬರುತ್ತದೆ.

ಕನ್ನಡ ಅಕ್ಷರ ಈ ಪ್ರಿಂಟರ್‌ಗಳ ಒಳಗಿನ ಫಾಂಟಿನಲ್ಲಿ ಇರುವುದಿಲ್ಲ. ಹಾಗೇ ಕಳಿಸಿದರೆ ಚೀನೀ ಅಕ್ಷರ ಸುರಿಯುತ್ತದೆ. ಪ್ರಿಂಟರ್ ಕೆಟ್ಟಿದೆ ಎಂದು ವಾಪಸ್ ಕಳಿಸುವವರೂ ಇದ್ದಾರೆ. ಕನ್ನಡ ಬೇಕೆಂದರೆ ಅದು ಚಿತ್ರವಾಗಿ ಹೋಗಬೇಕು. ಆದರೆ 10 ಸೆಂ.ಮೀ. ಉದ್ದದ ಬಿಲ್ ಪೂರ್ತಿ ಚಿತ್ರವಾದರೆ 800 ಸಾಲು ಚುಕ್ಕಿ, ಸಾಲಿಗೆ 48 ಬೈಟ್, ಒಟ್ಟು 38,400 ಬೈಟ್. ಅದೇ ಬಿಲ್ ಅಕ್ಷರವಾಗಿ ಹೋದರೆ ಒಂದು ಸಾವಿರ ಬೈಟ್ ಸಹ ಆಗದು. ಬ್ಲೂಟೂತ್ ಮೇಲೆ ಇದು ಎದ್ದು ಕಾಣುತ್ತದೆ, ಒಮ್ಮೊಮ್ಮೆ ಪ್ರಿಂಟರಿನ ಮೆಮೊರಿ ತುಂಬಿ ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೆ ನಾವು ಬೆರಕೆ ಮಾಡಿಕೊಂಡಿದ್ದೇವೆ: ಐಟಂ ಸಾಲುಗಳು ಪ್ರಿಂಟರಿನ ಸ್ವಂತ ಇಂಗ್ಲಿಷ್ ಫಾಂಟಿನಲ್ಲಿ, ಕೊನೆಯ ನಾಲ್ಕು ಸಾಲು ಮಾತ್ರ ಕನ್ನಡದಲ್ಲಿ, ಚಿತ್ರವಾಗಿ.

ಆ ನಾಲ್ಕು ಸಾಲು: ಹಿಂದಿನ ಬಾಕಿ, ಇಂದಿನ ಬಿಲ್ಲು, ಕೊಟ್ಟದ್ದು, ಉಳಿದದ್ದು. ಅಂಗಡಿಯವರು ಬಿಲ್ ಕೈಗೆ ಬಂದ ಕೂಡಲೇ ಕೆಳಗಿನಿಂದ ಓದುತ್ತಾರೆ. "ಹಳೇದೆಷ್ಟೈತೆ ನೋಡಣ್ಣ" ಅನ್ನುವ ಪ್ರಶ್ನೆಗೆ ಉತ್ತರ ಅಲ್ಲೇ ಇದ್ದರೆ ಬಾಯಿಜಗಳ ಇಲ್ಲ. ಅಕ್ಷರದ ಗಾತ್ರ 28 ಚುಕ್ಕಿಗಿಂತ ಕಡಿಮೆ ಮಾಡಬೇಡಿ, ಒತ್ತಕ್ಷರ ಕಲಸಿಹೋಗುತ್ತದೆ.

ಏನೂ ಅಚ್ಚಾಗದೆ ಬಿಳಿ ಕಾಗದ ಬಂದರೆ ರೋಲ್ ತಿರುಗುಮುರುಗಾಗಿದೆ. ಉಗುರಿನಿಂದ ಗೀರಿ, ಕಪ್ಪು ಗೆರೆ ಬೀಳುವ ಮೈ ಹೆಡ್ (ಅಚ್ಚು ಹಾಕುವ ಬಿಸಿ ಪಟ್ಟಿ) ಕಡೆಗಿರಬೇಕು. ಮಸುಕಾಗಿ ಬಂದು ನಡುವೆ ಆಫ್ ಆದರೆ ಬ್ಯಾಟರಿ ಇಳಿದಿದೆ, ಏಕೆಂದರೆ ಹೆಡ್ ಕಾಯುವ ಕ್ಷಣದಲ್ಲಿ ಕರೆಂಟ್ ಜಾಸ್ತಿ ಎಳೆಯುತ್ತದೆ. ಉದ್ದಕ್ಕೆ ಒಂದೇ ಕಡೆ ಬಿಳಿ ಗೆರೆ ಇದ್ದರೆ ಹೆಡ್ ಮೇಲೆ ಧೂಳು. ಆಫ್ ಮಾಡಿ, ಬಿಸಿ ಆರಿದ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಯಿಂದ ಒರೆಸಿ, ಚಾಕು ಮುಟ್ಟಿಸಬೇಡಿ. ಪ್ರಿಂಟರ್ ಸಿಗುತ್ತಲೇ ಇಲ್ಲ ಎಂದರೆ ಆಂಡ್ರಾಯ್ಡ್ 12ರಿಂದೀಚೆಗಿನ ಟ್ಯಾಬಿನಲ್ಲಿ ಆ್ಯಪ್‌ಗೆ ನಿಯರ್‌ಬೈ ಡಿವೈಸಸ್ (ಹತ್ತಿರದ ಸಾಧನ ಹುಡುಕುವ) ಅನುಮತಿ ಕೊಟ್ಟಿದೆಯೇ ನೋಡಿ. ಜೋಡಿಸುವ ಪಿನ್ ಸಾಮಾನ್ಯವಾಗಿ 0000 ಅಥವಾ 1234. 15 ಮೀಟರ್ ರೋಲಿನಲ್ಲಿ 10 ಸೆಂ.ಮೀ. ಬಿಲ್ 150 ಬರುತ್ತದೆ, ಎರಡು ಪ್ರತಿ ಕೊಟ್ಟರೆ 75 ಅಂಗಡಿ.

ದುಡ್ಡಿನ ವಿಷಯ. ಗಾಡಿಗೆ ಅಂಟಿಸಿದ ಕ್ಯೂಆರ್‌ಗಿಂತ ಟ್ಯಾಬಿನ ಪರದೆಯಲ್ಲಿ ಮೊತ್ತ, ಬಿಲ್ ನಂಬರ್ ಸಮೇತ ಬರುವ ಕ್ಯೂಆರ್ ಒಳ್ಳೆಯದು. 1,840ರ ಬದಲು 1,480 ಒತ್ತುವ ಗೋಜಿಲ್ಲ. ಬಾಕಿ ಬಿಲ್ಲಿನ ಕೆಳಗೆ ಅಚ್ಚು ಹಾಕುವ ಕ್ಯೂಆರ್‌ನಲ್ಲಿ ಮಾತ್ರ ಮೊತ್ತ ಬಿಟ್ಟುಬಿಡಿ. ಅಂಗಡಿಯವರು ಕಂತಿನಲ್ಲೇ ಕೊಡುವುದು, ಮೊತ್ತ ಇದ್ದರೆ ಅವರ ಯುಪಿಐ ಆ್ಯಪ್ ಅದನ್ನು ಬದಲಾಯಿಸಲು ಬಿಡುವುದಿಲ್ಲ.

"ಹೋಯ್ತು ಕಣಣ್ಣ, ನೋಡು" ಎಂದು ತೋರಿಸುವ ಅವರ ಫೋನಿನ ಹಸಿರು ಟಿಕ್ ಪುರಾವೆಯಲ್ಲ. ಹಾಗೆಂದು ಸಂಶಯ ಪಟ್ಟು ಮುಖ ಕೆಡಿಸಿಕೊಳ್ಳುವುದೂ ಬೇಡ. ಗಾಡಿಯಲ್ಲಿ ಸೌಂಡ್‌ಬಾಕ್ಸ್ ಇರಲಿ. ಅದರ ಸಿಮ್ ಒಂದು ಕಂಪನಿಯದು, ಟ್ಯಾಬಿನ ಸಿಮ್ ಇನ್ನೊಂದರದು ಇದ್ದರೆ ಎರಡರಲ್ಲಿ ಒಂದಕ್ಕಾದರೂ ಸಿಗ್ನಲ್ ಸಿಗುವ ಸಂಭವ ಜಾಸ್ತಿ. ಎರಡೂ ಸತ್ತಿದ್ದರೆ ಅವರ ಫೋನಿನಲ್ಲಿರುವ 12 ಅಂಕಿಯ ಯುಟಿಆರ್ ನಂಬರನ್ನು (ಆ ಪಾವತಿಯ ಗುರುತಿನ ಸಂಖ್ಯೆ) ಟ್ಯಾಬಿನಲ್ಲಿ ಬರೆದುಕೊಂಡು, ರಸೀದಿಯಲ್ಲಿ "ಕೊಟ್ಟದ್ದು" ಸಾಲಿನ ಮುಂದೆ "ಖಚಿತವಾಗಬೇಕು" ಎಂದು ಅಚ್ಚು ಹಾಕಿ ಕೊಡುತ್ತೇವೆ. ಅವರ ಖಾತೆಯಿಂದ ಕಟ್ ಆಗಿ ನಮಗೆ ಬರದಿದ್ದರೆ ಎರಡನೇ ಸಲ ಹಾಕಿಸಬೇಡಿ. ವ್ಯಾಪಾರಿಗೆ ಮಾಡಿದ ಯುಪಿಐ ಪಾವತಿ ವಿಫಲವಾದರೆ ವಹಿವಾಟಿನ ದಿನ ಬಿಟ್ಟು 5 ದಿನದೊಳಗೆ ತಾನಾಗಿ ವಾಪಸಾಗಬೇಕೆಂದು ರಿಸರ್ವ್ ಬ್ಯಾಂಕಿನ 2019ರ ನಿಯಮವಿದೆ.

2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗಿನಿಂದ ಕ್ಯೂಆರ್ ಎಂದರೆ ಹಿಂಜರಿಯುವ ಅಂಗಡಿಗಳಿವೆ. ಆದರೆ ಅವರು ನಮಗೆ ಕೊಡುವುದು ಅವರ ಖರೀದಿ, ವ್ಯಾಪಾರದ ಆದಾಯವಲ್ಲ. ಬಿಲ್ ಕೈಯಲ್ಲಿದ್ದರೆ ಅದು ಅವರಿಗೇ ಆಧಾರ. ಜಿಎಸ್‌ಟಿ ನಂಬರ್ ಇರುವವರದನ್ನು ಮೊದಲ ಬಿಲ್ಲಿಗೇ ಸರಿಯಾಗಿ ತುಂಬಿ. ಒಂದಂಕಿ ತಪ್ಪಿದರೂ ಮುಂದಿನ ತಿಂಗಳ 14ಕ್ಕೆ ಬರುವ ಅವರ 2ಬಿ ಪಟ್ಟಿಯಲ್ಲಿ (ಅವರ ಖರೀದಿ ಬಿಲ್ಲುಗಳ ಜಿಎಸ್‌ಟಿ ಪಟ್ಟಿ) ನಮ್ಮ ಬಿಲ್ ಕಾಣುವುದಿಲ್ಲ, ಫೋನ್ ಮಾತ್ರ ಬರುತ್ತದೆ.

ಥರ್ಮಲ್ ಕಾಗದದ ಆಯಸ್ಸು ಕಡಿಮೆ. ಶೀಟಿನ ಅಂಗಡಿಯಲ್ಲಿ ತಂತಿಗೆ ಚುಚ್ಚಿಟ್ಟದ್ದು ಬಿಸಿಗೆ, ಪ್ಲಾಸ್ಟಿಕ್ ಕವರಿನಲ್ಲಿಟ್ಟದ್ದು ಅದರ ರಾಸಾಯನಿಕಕ್ಕೆ ಮಾಸುತ್ತದೆ. ಅದಕ್ಕೆ ಸಂಜೆ ಸಿಂಕ್ ಆದ ಕೂಡಲೇ ಅದೇ ಬಿಲ್ಲಿನ ಪಿಡಿಎಫ್ ವಾಟ್ಸ್‌ಆ್ಯಪ್‌ಗೆ ಹೋಗುತ್ತದೆ. ನಮ್ಮ ಕಡೆಯ ಪ್ರತಿಯನ್ನು ವಾರ್ಷಿಕ ರಿಟರ್ನ್‌ನ ಕೊನೇ ದಿನಾಂಕದಿಂದ 72 ತಿಂಗಳು ಇಡಬೇಕು, ಆದ್ದರಿಂದ ಆ್ಯಪ್ ಕಂಪನಿಯ ಸರ್ವರ್ ಸಾಲದು. ತಿಂಗಳಿಗೊಮ್ಮೆ ಎಕ್ಸೆಲ್ ಮತ್ತು ಪಿಡಿಎಫ್ ಇಳಿಸಿ ಬೇರೆ ಹಾರ್ಡ್‌ಡಿಸ್ಕಿಗೆ ಹಾಕಿಡಿ.