ತಾರಸ್ಥಾಯಿಯಲ್ಲಿ ಗಂಟಲು ಬಿಗಿಯದಿರಲು

ಮಧ್ಯಸ್ಥಾಯಿಯಲ್ಲಿ, ಅಂದರೆ ನಡುವಿನ ಸ್ವರಗಳಲ್ಲಿ, ಸಲೀಸಾಗಿ ಹಾಡುವವರಿಗೂ ತಾರ ಷಡ್ಜ (ಮೇಲಿನ ಸ್ಥಾಯಿಯ 'ಸ') ಹತ್ತಿರವಾದಂತೆ ಹುಬ್ಬು ಗಂಟಿಕ್ಕುತ್ತದೆ, ಗದ್ದ ಮುಂದೆ ಚಾಚುತ್ತದೆ. ಮೊದಲು ಬಿಗಿತ ಎಲ್ಲಿದೆ ಎಂದು ಪತ್ತೆಹಚ್ಚಿ. ಗದ್ದದ ಕೆಳಗಿನ ಮೆತ್ತನೆಯ ಭಾಗಕ್ಕೆ ಹೆಬ್ಬೆರಳು ತಾಗಿಸಿ ಸ-ಪ-ಸ ಹಾಡಿ. ಆ ಜಾಗ ಗಟ್ಟಿಯಾಗಿ ಬೆರಳನ್ನು ಕೆಳಕ್ಕೆ ಒತ್ತಿದರೆ ನಾಲಿಗೆಯ ಬುಡ ಬಿಗಿದಿದೆ. ಧ್ವನಿಪೆಟ್ಟಿಗೆ ಸರಾಗವಾಗಿ ಆಡಲು ಅದು ಬಿಡುವುದಿಲ್ಲ. ನಾಲಿಗೆಯ ತುದಿಯನ್ನು ಕೆಳಹಲ್ಲಿನ ಹಿಂಬದಿಗೆ ಹಗುರವಾಗಿ ತಾಗಿಸಿಟ್ಟು ಅದನ್ನೇ ಮತ್ತೆ ಹಾಡಿ.

ಹಲ್ಲು ಕಚ್ಚಿದಾಗ ಕೆನ್ನೆಯ ಹಿಂಭಾಗದಲ್ಲಿ ಉಬ್ಬುವ ಸ್ನಾಯುವನ್ನು ಬೆರಳ ತುದಿಯಿಂದ ಒಂದು ನಿಮಿಷ ಮೇಲಿನಿಂದ ಕೆಳಕ್ಕೆ ನೀವಿ. ದವಡೆ ತಾನಾಗಿ ಇಳಿಯಬೇಕು. ಬಲವಂತವಾಗಿ ಬಾಯಿ ಅಗಲಿಸಿದರೆ ಹೊಸ ಬಿಗಿತ ಹುಟ್ಟುತ್ತದೆ, ಅನೇಕರು ಎಡವುವುದು ಇಲ್ಲೇ.

ಆಮೇಲೆ ತುಟಿ ಅದುರಿಸುತ್ತ 'ಬ್ರ್‌ರ್‌ರ್' ಎಂದು ಮೊದಲ ಸರಳೆ ವರಸೆಯನ್ನು (ಸ ರಿ ಗ ಮ ಪ ದ ನಿ ಸ ಎಂಬ ಆರಂಭದ ಪಾಠವನ್ನು) ಒಂದನೇ ಕಾಲದಲ್ಲಿ, ಅಂದರೆ ನಿಧಾನ ವೇಗದಲ್ಲಿ, ಐದು ನಿಮಿಷ ಹಾಡಿ. ಅದುರು ನಡುವೆ ನಿಂತರೆ ಉಸಿರು ಸಾಲುತ್ತಿಲ್ಲ, ಇಲ್ಲವೇ ತುಟಿ ಬಿಗಿದಿದೆ. ಅದು ಒಂದೇ ಸಮನೆ ಬಂದ ಮೇಲಷ್ಟೇ ಅಕಾರಕ್ಕೆ, ಅಂದರೆ 'ಆ' ಎಂದು ಹಾಡುವುದಕ್ಕೆ, ಬನ್ನಿ.

ಇಷ್ಟಾದರೂ ಕತ್ತಿನ ನರ ಉಬ್ಬುತ್ತಿದ್ದರೆ ಶ್ರುತಿಯನ್ನು (ಹಾಡಿಗೆ ಆಧಾರವಾದ 'ಸ'ದ ಎತ್ತರವನ್ನು) ಅರ್ಧ ಮನೆ, ಅಂದರೆ ಒಂದು ಸ್ವರಸ್ಥಾನದಷ್ಟು, ಇಳಿಸಿ. ಅದರಲ್ಲಿ ಅವಮಾನವೇನೂ ಇಲ್ಲ. ಹಾಡುವಾಗ ನೋವಾದರೆ ಅಲ್ಲಿಗೇ ನಿಲ್ಲಿಸಿ. ಒಡಕು ದನಿ ಎರಡು ಮೂರು ವಾರ ಉಳಿದರೆ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ.